ತೆಂಗಿನ ನಾರಿನ ಬಟ್ಟೆ ಕೊಳೆಯುವುದಾದರೆ ಅದು ಮಣ್ಣನ್ನು ಬಲಪಡಿಸುವುದು ಹೇಗೆ?

ತೋಟಕ್ಕೆ ಹೋಗುವ ಕೆಸರು ರಸ್ತೆಯ ಜಲ್ಲಿಯಡಿಯಲ್ಲಿಯೂ ಮನೆಯ ಹಿಂದೆ ಗುಡ್ಡ ಕಡಿದ ಇಳಿಜಾರಿನ ಮೇಲೆಯೂ ತೆಂಗಿನ ನಾರಿನ ಬಟ್ಟೆ ಹಾಸಬಹುದೇ, ಕೆಲವೇ ವರ್ಷಗಳಲ್ಲಿ ಕೊಳೆತುಹೋಗುವ ವಸ್ತುವನ್ನು ನಂಬಿ ಹಣ ಹಾಕುವುದು ಸರಿಯೇ ಎಂದು ನೀವು ಕೇಳಿದ್ದೀರಿ. ಸಿವಿಲ್ ಎಂಜಿನಿಯರ್ ಆಗಿ ಗ್ರಾಮೀಣ ರಸ್ತೆಗಳಲ್ಲಿಯೂ ಇಳಿಜಾರುಗಳಲ್ಲಿಯೂ ಈ ಬಟ್ಟೆಯನ್ನು ಹಾಸಿಸಿದ ಅನುಭವದಿಂದ ಹೇಳುವುದಾದರೆ, ಕೊಳೆಯುವ ವಿಚಾರವನ್ನೇ ಮೊದಲು ಇತ್ಯರ್ಥ ಮಾಡಿಕೊಳ್ಳಬೇಕು. ಬಟ್ಟೆಯನ್ನು ಎಲ್ಲಿ ಹಾಸಬಹುದು, ಎಲ್ಲಿ ಹಾಸಬಾರದು ಎಂಬುದು ಅದರಿಂದಲೇ ತಿಳಿಯುತ್ತದೆ.

ತೆಂಗಿನ ನಾರಿನಲ್ಲಿ ಲಿಗ್ನಿನ್ ಎಂಬ ಗಡಸು ಅಂಶ ಶೇಕಡ 40ಕ್ಕಿಂತ ಹೆಚ್ಚಿರುತ್ತದೆ. ಸೆಣಬಿನಲ್ಲಿ ಅದರ ಮೂರನೆಯ ಒಂದು ಭಾಗದಷ್ಟು ಮಾತ್ರ. ಮಣ್ಣಿನ ಸೂಕ್ಷ್ಮಜೀವಿಗಳಿಗೆ ಲಿಗ್ನಿನ್ ಸುಲಭದ ಆಹಾರವಲ್ಲ. ಆದ್ದರಿಂದ ಒದ್ದೆ ಮಣ್ಣಿನಲ್ಲಿ ಸೆಣಬು ಒಂದೆರಡು ಮಳೆಗಾಲಗಳಲ್ಲಿ ಸತ್ವ ಕಳೆದುಕೊಂಡರೆ, ತೆಂಗಿನ ನಾರು ಮಣ್ಣಿನ ಗುಣ ಮತ್ತು ತೇವವನ್ನು ಅವಲಂಬಿಸಿ ಸುಮಾರು ಎರಡರಿಂದ ಐದು ವರ್ಷ ಕೆಲಸ ಮಾಡುತ್ತದೆ. ಆ ಅವಧಿ ಮುಗಿಯುವುದರೊಳಗೆ ಮಣ್ಣು ತನ್ನ ಬಲದ ಮೇಲೆ ನಿಲ್ಲುವಂತಾದರೆ ಬಟ್ಟೆ ಕೊಳೆತರೂ ನಷ್ಟವಿಲ್ಲ. ಹಾಗಾಗದ ಕಡೆ ಅದನ್ನು ಬಳಸಲೇಬಾರದು.

ರಸ್ತೆಯಲ್ಲಿ ಇದು ನಡೆಯುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನೀರು ತುಂಬಿದ ಮೆತ್ತನೆಯ ಜೇಡಿಯ ಮೇಲೆ ನೇರವಾಗಿ ಜಲ್ಲಿ ಸುರಿದರೆ, ಗಾಡಿ ಓಡಿದ ಹಾಗೆಲ್ಲ ಕಲ್ಲು ಕೆಸರಿನೊಳಗೆ ಇಳಿಯುತ್ತದೆ, ಕೆಸರು ಕಲ್ಲುಗಳ ಸಂದಿಯಿಂದ ಮೇಲೇರುತ್ತದೆ, ಮುಂದಿನ ವರ್ಷ ಮತ್ತೆ ಜಲ್ಲಿ ಸುರಿಯಬೇಕಾಗುತ್ತದೆ. ಎರಡರ ನಡುವೆ ಬಟ್ಟೆ ಇದ್ದರೆ ಅದು ಕಲ್ಲನ್ನೂ ಕೆಸರನ್ನೂ ಬೇರೆ ಬೇರೆಯಾಗಿ ಹಿಡಿದಿಡುತ್ತದೆ, ಚಕ್ರದ ಭಾರವನ್ನು ಅಗಲಕ್ಕೆ ಹಂಚುತ್ತದೆ, ಒತ್ತಡಕ್ಕೆ ಸಿಕ್ಕ ಜೇಡಿಯಿಂದ ನೀರು ಹೊರಬರಲು ದಾರಿ ಕೊಡುತ್ತದೆ. ನೀರು ಹೊರಹೋದಂತೆ ಜೇಡಿಯ ಕಣಗಳು ಹತ್ತಿರವಾಗಿ ನೆಲ ಗಟ್ಟಿಯಾಗುತ್ತದೆ. ನೀರು ಹೊರತರುವ ಈ ಗುಣವನ್ನೇ ನೆಚ್ಚಿಕೊಂಡು ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಸೆಣಬಿನ ಹೊದಿಕೆಯೊಳಗೆ ತೆಂಗಿನ ನಾರಿನ ಹುರಿಗಳನ್ನಿಟ್ಟು, ಜೇಡಿಯೊಳಕ್ಕೆ ಲಂಬವಾಗಿ ಇಳಿಸುವ ಬಸಿಪಟ್ಟಿಗಳನ್ನು ರೂಪಿಸಿದ್ದರು. ನಮ್ಮಲ್ಲಿ 2020ರಲ್ಲಿ ಕೇಂದ್ರ ಸರ್ಕಾರವು ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳಲ್ಲಿ ಈ ಬಟ್ಟೆಯ ಬಳಕೆಗೆ ಒಪ್ಪಿಗೆ ಕೊಟ್ಟಿತು.

ನೇಯ್ದ ಬಟ್ಟೆ ಸಾಮಾನ್ಯವಾಗಿ ಚದರ ಮೀಟರಿಗೆ 400, 700 ಮತ್ತು 900 ಗ್ರಾಂ ತೂಕಗಳಲ್ಲಿ ದೊರೆಯುತ್ತದೆ. ನೇಯ್ಗೆ ಅಗಲವಾಗಿದ್ದರೆ ಕಣ್ಣುಗಳಿಂದ ಕೆಸರು ನುಗ್ಗುವುದರಿಂದ, ರಸ್ತೆಯಡಿಗೆ ಒತ್ತಾದ ನೇಯ್ಗೆಯನ್ನೇ ಆರಿಸಿ. ಈ ನಾರು ತುಂಬ ಹಿಗ್ಗಿದ ಮೇಲೆಯೇ ಪೂರ್ಣ ಭಾರ ಹೊರುವ ಸ್ವಭಾವದ್ದು. ಸುಕ್ಕು ಉಳಿಸಿ ಹಾಸಿದರೆ ಬಟ್ಟೆ ಬಿಗಿಯಾಗುವ ಮೊದಲೇ ರಸ್ತೆಯಲ್ಲಿ ಚಕ್ರದ ಜಾಡು ಬಿದ್ದಿರುತ್ತದೆ. ಇನ್ನು ಧಾರವಾಡ, ಗದಗದ ಕಡೆಯ ಎರೆಭೂಮಿಯ ಓದುಗರಿಗೆ ಒಂದು ಮಾತು: ಎರೆಮಣ್ಣು ಒಮ್ಮೆ ಗಟ್ಟಿಯಾಯಿತೆಂದು ಸುಮ್ಮನಿರುವುದಿಲ್ಲ, ಪ್ರತಿ ಮಳೆಗಾಲದಲ್ಲಿಯೂ ನೀರು ಹೀರಿ ಉಬ್ಬುತ್ತದೆ. ಅಲ್ಲಿ ರಸ್ತೆಯ ಎರಡೂ ಬದಿಗೆ ಚರಂಡಿ ತೆಗೆಯದೆ ಬಟ್ಟೆಯೊಂದನ್ನೇ ನಂಬಿದರೆ, ಅದು ಕೊಳೆತ ಮೇಲೆ ಹಳೆಯ ತೊಂದರೆ ಹಾಗೆಯೇ ಮರಳುತ್ತದೆ.

ಇಳಿಜಾರಿನಲ್ಲಿ ಬಟ್ಟೆಯ ನಂತರ ಮಣ್ಣನ್ನು ಹಿಡಿಯುವುದು ಹುಲ್ಲಿನ ಬೇರು. ನಿಮ್ಮ ದಕ್ಷಿಣ ಕನ್ನಡದಲ್ಲಿ ಗುಡ್ಡ ಕಡಿದಾಗ ಮೇಲಿನ ಮುರಕಲ್ಲಿನ ಕೆಳಗೆ ಕಾಣುವ ಶೇಡಿಮಣ್ಣು ಒಣಗಿದಾಗ ಗಟ್ಟಿ, ನೆನೆದರೆ ಬಲಹೀನ. ಮಳೆನೀರಿಗೆ ಸುಲಭವಾಗಿ ಕೊಚ್ಚಿಹೋಗುತ್ತದೆ. ಬೀಜ ಮೊಳೆತು ಬೇರೂರುವ ತನಕ ಹನಿಯ ಹೊಡೆತವನ್ನೂ ಹರಿವಿನ ವೇಗವನ್ನೂ ತಡೆಯುವುದು ಬಟ್ಟೆಯ ಕೆಲಸ, ಇಲ್ಲಿ ಹುಲ್ಲು ಹೊರಬರಲು ಅಗಲ ಕಣ್ಣಿನ ನೇಯ್ಗೆಯೇ ಬೇಕು. ನಾನು ಉಸ್ತುವಾರಿಯಲ್ಲಿದ್ದ ಒಂದು ಕಡೆ, ನೆಲವನ್ನು ಸಮ ಮಾಡದೆ ಹಾಸಿದ ಬಟ್ಟೆ ಉಬ್ಬುಗಳ ಮೇಲೆ ತೂಗುತ್ತ ಉಳಿಯಿತು. ಮೊದಲ ಜಡಿಮಳೆಯ ನೀರು ಅದರ ಅಡಿಯಲ್ಲಿಯೇ ಹರಿದು ಮೊಣಕಾಲು ಆಳದ ಕೊರಕಲು ಮಾಡಿತು, ಮೇಲಿನಿಂದ ನೋಡಿದವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಅಂದಿನಿಂದ ಬಟ್ಟೆ ನೆಲಕ್ಕೆ ಅಂಟಿಕೊಂಡಿದೆಯೇ ಎಂದು ಕೈಯಿಟ್ಟು ನೋಡದೆ ನಾನು ಒಪ್ಪಿಗೆ ಕೊಟ್ಟಿಲ್ಲ. ಇಳಿಜಾರಿನ ನೆತ್ತಿಯಲ್ಲಿ ಸುಮಾರು ಒಂದು ಅಡಿ ಆಳದ ಕಾಲುವೆ ತೋಡಿ, ಬಟ್ಟೆಯ ತುದಿಯನ್ನು ಅದರಲ್ಲಿ ಹೂತು, ಅಲ್ಲಿಂದ ಕೆಳಕ್ಕೆ ಉರುಳಿಸಿ, ಪಕ್ಕದ ಅಂಚುಗಳನ್ನು ಒಂದರ ಮೇಲೊಂದು ಬರುವಂತೆ ಇಟ್ಟು, ಬಾಗಿಸಿದ ಕಬ್ಬಿಣದ ಮೊಳೆಗಳಿಂದ ಬಿಗಿಯಬೇಕು.

ಆದರೆ ಕಡಿದ ಜಾಗ ಗೋಡೆಯಂತೆ ನೆಟ್ಟಗಿದ್ದರೆ, ಅಥವಾ ಗುಡ್ಡದ ಮೇಲ್ಭಾಗದಲ್ಲಿ ಬಿರುಕು ಕಂಡಿದ್ದರೆ, ದಯವಿಟ್ಟು ಈ ಬಟ್ಟೆಯನ್ನು ನಂಬಬೇಡಿ. 2018ರಲ್ಲಿ ಕೊಡಗಿನಲ್ಲಿ ಕಂಡಂತೆ ಗುಡ್ಡ ಜಾರುವಾಗ ಅದು ಜಾರುವುದು ಆಳದಿಂದ. ಮೇಲ್ಮೈಗೆ ಹೊದಿಸಿದ್ದು ಅದನ್ನು ತಡೆಯಲಾರದು. ಅಂತಹ ಕಡೆ ಇಳಿಜಾರನ್ನು ಮೆಟ್ಟಿಲಾಗಿ ಕಡಿದು, ನೆತ್ತಿಯ ನೀರನ್ನು ಬೇರೆಡೆಗೆ ತಿರುಗಿಸಿ, ತಡೆಗೋಡೆ ಕಟ್ಟಬೇಕಾಗುತ್ತದೆ. ಗೋಡೆಯ ಹಿಂದಿನ ಮಣ್ಣಿಗೆ ಪದರ ಪದರವಾಗಿ ಬಲ ಕೊಡಬೇಕಾದಾಗಲೂ ಎಳೆತ ಎಂದೆಂದಿಗೂ ಇರುವುದರಿಂದ ಪಾಲಿಮರ್ ಜಾಲರಿಯೇ ಬೇಕು. ತೆಂಗಿನ ನಾರಿನ ಮೇಲೆ ನನಗೆಷ್ಟೇ ಅಭಿಮಾನವಿದ್ದರೂ ಅಲ್ಲಿ ಅದನ್ನು ಸೂಚಿಸಲಾರೆ.

ನಿಮ್ಮ ಇಳಿಜಾರು ಸೌಮ್ಯವಾಗಿದ್ದರೆ ಏಪ್ರಿಲ್ ಕೊನೆಯೊಳಗೆ ಹಾಸಿ, ಲಾವಂಚದ ಸಸಿಗಳನ್ನು ಸಾಲಾಗಿ ನೆಟ್ಟು, ಮಳೆ ಹಿಡಿಯುವವರೆಗೆ ನೀವೇ ನೀರುಣಿಸಿ. ಜೂನಿನ ಮಳೆ ಬರುವ ಹೊತ್ತಿಗೆ ಬೇರು ಮಣ್ಣಿಗೆ ಇಳಿದಿರಬೇಕು.