ಪಟ್ಟಿ ಬಿಡಿ, ಆಣೆಯ ಕಥೆ ಬರೆಯಿರಿ

ನಮಸ್ಕಾರ,

ದೇವರನ್ನು ನಂಬದವರೂ ಒಳ್ಳೆಯವರಾಗಿರಬಹುದು ಎಂದು ವಾದಿಸುವ ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಒಂದು ಸಾಲಿನ ವಿಷಾದಪತ್ರದ ಜೊತೆ ವಾಪಸ್ ಕಳಿಸುವಂಥದ್ದೂ ಅಲ್ಲ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಮೊದಲ ಎರಡು ಪುಟ ಬರೀ ಹೆಸರುಗಳು. ಬುದ್ಧ, ಭಗತ್ ಸಿಂಗ್, ಪೆರಿಯಾರ್, ನಮ್ಮ ಎಚ್. ನರಸಿಂಹಯ್ಯ. ಎದುರು ಪಕ್ಷದವರೂ ಇದಕ್ಕಿಂತ ಉದ್ದದ ಪಟ್ಟಿ ಕೊಡಬಲ್ಲರು, ಅಲ್ವಾ? ಬುದ್ಧನನ್ನು ಅಷ್ಟು ಸಲೀಸಾಗಿ ನಿಮ್ಮ ಕಡೆ ಎಳೆದುಕೊಳ್ಳಲೂ ಆಗುವುದಿಲ್ಲ. ಅಲ್ಲಿ ಸೃಷ್ಟಿಕರ್ತ ಇಲ್ಲ ನಿಜ, ಆದರೆ ಕರ್ಮದ ಲೆಕ್ಕ ಇದೆ. ನರಸಿಂಹಯ್ಯನವರದಂತೂ ಅನ್ಯಾಯ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗಲೇ ಪವಾಡ ಪರೀಕ್ಷೆಗೆ ಸಮಿತಿ ಮಾಡಿದವರು, ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬದುಕಿದವರು. ಅವರಿಗೆ ಅರ್ಧ ಸಾಲು ಸಾಲದು. ಬೇರೆಯೇ ಲೇಖನ ಬರೆಯಿರಿ, ನಾನು ಹಾಕುತ್ತೇನೆ.

ಮೂರನೇ ಪುಟದ ಕಳ್ಳಸ್ವಾಮಿಗಳನ್ನು ಪೂರ್ತಿ ತೆಗೆಯಿರಿ. ನಂಬುವವರಲ್ಲೂ ಕೆಟ್ಟವರಿದ್ದಾರೆ ಎಂದು ಯಾರಿಗೆ ಗೊತ್ತಿಲ್ಲ? ಸ್ವೀಡನ್, ಡೆನ್ಮಾರ್ಕ್ ಕೂಡ ಬೇಡ. ಅಲ್ಲಿ ದುಡ್ಡಿದೆ, ಒಳ್ಳೆ ಶಾಲೆ, ಆಸ್ಪತ್ರೆಗಳಿವೆ. ಅಪರಾಧ ಕಡಿಮೆಯಾಗಿದ್ದಕ್ಕೆ ದೇವರನ್ನು ಬಿಟ್ಟಿದ್ದೇ ಕಾರಣ ಎಂದು ಹೇಗೆ ಹೇಳುತ್ತೀರಿ?

ನನಗೆ ನಿಜಕ್ಕೂ ಸಿಟ್ಟು ಬಂದದ್ದು ನಾಲ್ಕನೇ ಪುಟದಲ್ಲಿ. ‘ದೇವರು ನೋಡ್ತಾನೆ ಕಣೋ’ ಎನ್ನುವ ಅಜ್ಜಿಯನ್ನು ತಂದು ನಗೆಪಾಟಲು ಮಾಡಿದ್ದೀರಿ. ಇಡೀ ಲೇಖನದಲ್ಲಿ ಗಟ್ಟಿಯಾದ ಪ್ರಶ್ನೆ ಕೇಳುತ್ತಿರುವುದು ಆಕೆ ಒಬ್ಬಳೇ. ಯಾರೂ ನೋಡದಿದ್ದಾಗ ನಿನ್ನನ್ನು ತಡೆಯುವುದು ಏನು? ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ 1689ರಲ್ಲಿ ಕೇಳಿದ್ದೂ ಬಹುಪಾಲು ಇದನ್ನೇ. ಬೇರೆ ಬೇರೆ ಪಂಥದವರನ್ನು ಸಹಿಸಿಕೊಳ್ಳಬೇಕು ಎಂದು ವಾದಿಸಿದ ಮನುಷ್ಯ, ನಾಸ್ತಿಕರ ವಿಷಯಕ್ಕೆ ಬಂದಾಗ ಬಾಗಿಲು ಹಾಕಿದ. ಕೊಟ್ಟ ಮಾತು, ಕರಾರು, ಆಣೆ ಯಾವುದೂ ಅವರನ್ನು ಕಟ್ಟಿಹಾಕುವುದಿಲ್ಲ ಎಂಬುದು ಅವನ ಕಾರಣ. ನಮ್ಮ ರಾಜಕಾರಣಿಗಳು ‘ಧರ್ಮಸ್ಥಳಕ್ಕೆ ಬಾ, ಆಣೆ ಮಾಡು’ ಎಂದು ಸವಾಲು ಹಾಕುವಾಗಲೂ ಒಳಗಿರುವುದು ಅದೇ ನಂಬಿಕೆ. ದೇವರ ಭಯ ಇಲ್ಲದವನ ಮಾತಿಗೆ ಜಾಮೀನು ಯಾರು?

ನಿಮ್ಮ ಲೇಖನ ಇಲ್ಲಿಂದ ಶುರುವಾಗಬೇಕಿತ್ತು. ಅದಕ್ಕೆ ಬೇಕಾದ ಮನುಷ್ಯ ನಿಮ್ಮ ಪಟ್ಟಿಯ ಕೊನೆಯಲ್ಲೇ ಇದ್ದಾನೆ: ಚಾರ್ಲ್ಸ್ ಬ್ರಾಡ್ಲಾ. 1880ರಲ್ಲಿ ನಾರ್ಥಾಂಪ್ಟನ್ನಿನಿಂದ ಬ್ರಿಟಿಷ್ ಪಾರ್ಲಿಮೆಂಟಿಗೆ ಗೆದ್ದು ಬಂದ. ದೇವರ ಹೆಸರಿಲ್ಲದೆ ಪ್ರಮಾಣ ಮಾಡುತ್ತೇನೆ ಎಂದ. ಒಪ್ಪಲಿಲ್ಲ. ಸರಿ, ನಿಮ್ಮ ರೀತಿಯಲ್ಲೇ ಮಾಡುತ್ತೇನೆ ಎಂದರೆ ಅದಕ್ಕೂ ಬಿಡಲಿಲ್ಲ. ಒಂದು ರಾತ್ರಿ ಪಾರ್ಲಿಮೆಂಟಿನ ಗಡಿಯಾರದ ಗೋಪುರದಲ್ಲಿ ಕೂಡಿಹಾಕಿದರು. ಮತ್ತೆ ಮತ್ತೆ ಚುನಾವಣೆ ಗೆದ್ದರೂ ಒಳಗೆ ಕೂರಲು 1886 ಬರಬೇಕಾಯಿತು. ಸುಳ್ಳು ಹೇಳುವ ನಾಸ್ತಿಕನಾಗಿದ್ದರೆ ಮೊದಲ ದಿನವೇ ತೆಪ್ಪಗೆ ಬೈಬಲ್ ಮುಟ್ಟಿ ಒಳಗೆ ಹೋಗುತ್ತಿದ್ದ. ಅಲ್ಲಿನ ನಿಯಮ ತಡೆದದ್ದು ನಿಜ ಹೇಳಿದವನನ್ನು. ನಿಮ್ಮ ಎರಡು ಪುಟದ ಪಟ್ಟಿ ಮಾಡಲಾಗದ ಕೆಲಸವನ್ನು ಈ ಒಂದು ಪ್ರಸಂಗ ಮಾಡುತ್ತದೆ.

ಅಲ್ಲಿಂದ ಗಾಂಧಿಗೆ ಬನ್ನಿ. 1891ರಲ್ಲಿ ಬ್ರಾಡ್ಲಾನ ಅಂತ್ಯಕ್ರಿಯೆಗೆ ಹೋದವರಲ್ಲಿ ಲಂಡನ್ನಿನಲ್ಲಿ ಓದುತ್ತಿದ್ದ ಗಾಂಧಿಯೂ ಇದ್ದರು. ನಲವತ್ತು ವರ್ಷದ ನಂತರ, ‘ಸತ್ಯವೇ ದೇವರು’ ಎಂದು ವಿವರಿಸುವಾಗ ಬ್ರಾಡ್ಲಾನನ್ನು ನೆನೆದರು. ಅವನು ತನ್ನನ್ನು ನಾಸ್ತಿಕ ಎಂದು ಕರೆದುಕೊಂಡರೂ ನನ್ನ ಲೆಕ್ಕದಲ್ಲಿ ದೇವರಿಗೆ ಅಂಜಿದವನೇ ಎಂಬರ್ಥದ ಮಾತಾಡಿದರು. ಹೊಗಳಿಕೆಯೇ, ಅನುಮಾನವಿಲ್ಲ. ಆದರೆ ಅದರಲ್ಲಿ ಸ್ವಲ್ಪ ಮೋಸವೂ ಇದೆ ಅನಿಸುತ್ತದೆ ನನಗೆ. ಒಳ್ಳೆಯ ನಾಸ್ತಿಕ ಸಿಕ್ಕ ಕೂಡಲೇ ಅವನನ್ನು ಆಸ್ತಿಕ ಮಾಡಿಬಿಟ್ಟರೆ ನಿಮ್ಮ ಪ್ರಶ್ನೆಯೇ ಉಳಿಯುವುದಿಲ್ಲವಲ್ಲ!

ಗೋರಾ ಅದಕ್ಕೆ ಜಗ್ಗಲಿಲ್ಲ. ಆಂಧ್ರದ ಗೋಪರಾಜು ರಾಮಚಂದ್ರ ರಾವ್, ಸಸ್ಯಶಾಸ್ತ್ರದ ಮೇಷ್ಟ್ರು. ನಾಸ್ತಿಕ ಎಂದು ಹೇಳಿಕೊಂಡದ್ದಕ್ಕೆ 1933ರಲ್ಲಿ ಕಾಕಿನಾಡದ ಕಾಲೇಜಿನ ಕೆಲಸ ಹೋಯಿತು. 1940ರಲ್ಲಿ ಮುದುನೂರು ಎಂಬ ಹಳ್ಳಿಯಲ್ಲಿ ನಾಸ್ತಿಕ ಕೇಂದ್ರ ಕಟ್ಟಿ, ಅಸ್ಪೃಶ್ಯತೆಯ ವಿರುದ್ಧ ಕೆಲಸ ಮಾಡಿದರು. 1944ರಲ್ಲಿ ಸೇವಾಗ್ರಾಮ ಆಶ್ರಮಕ್ಕೆ ಹೋಗಿ ಗಾಂಧಿಯ ಜೊತೆ ವಾದಕ್ಕೆ ಕೂತರು. ಮಗಳು ಮನೋರಮಾಳನ್ನು ದಲಿತ ಯುವಕನಿಗೆ ಕೊಡಲು ನಿಶ್ಚಯಿಸಿದಾಗ, ಮದುವೆ ಸೇವಾಗ್ರಾಮದಲ್ಲೇ ಆಗಲಿ ಎಂದರು ಗಾಂಧಿ. ವಧೂವರರ ಪ್ರತಿಜ್ಞೆಯಲ್ಲಿ ದೇವರ ಹೆಸರು ಬಿಟ್ಟು ಸತ್ಯದ ಹೆಸರು ಹೇಳಿಸಲೂ ಒಪ್ಪಿದರು. ಗಾಂಧಿಯ ಕೊಲೆಯಾದ ಮೇಲೆ, 1948ರ ಮಾರ್ಚಿನಲ್ಲಿ, ಆ ಮದುವೆ ಅಲ್ಲೇ ನಡೆಯಿತು. ಇದನ್ನು ನಿಧಾನವಾಗಿ ಬರೆಯಿರಿ. ಇಬ್ಬರಲ್ಲಿ ಯಾರು ಗೆದ್ದರು ಎಂದು ಮಾತ್ರ ತೀರ್ಪು ಕೊಡಬೇಡಿ.

ಒಂದು ತೊಡಕು ಉಳಿಯುತ್ತದೆ. ದೇವರ ಜಾಗಕ್ಕೆ ಸತ್ಯ ಬಂತು, ಸರಿ. ಆದರೆ ಸತ್ಯ ನನ್ನನ್ನು ಯಾಕೆ ಕಟ್ಟಬೇಕು ಎಂದು ಆ ಅಜ್ಜಿ ಕೇಳಿದರೆ? ನನ್ನ ಉತ್ತರ ಇಷ್ಟು: ನನ್ನ ಮಾತು ನಂಬಿ ಕೂತ ಮನುಷ್ಯ ಎದುರಿಗಿದ್ದಾನೆ. ಮಾತು ತಪ್ಪಿದರೆ ನಷ್ಟ ಅವನಿಗೆ, ದೇವರಿಗಲ್ಲ. ನಿಮ್ಮ ಉತ್ತರ ಬೇರೆ ಇರಬಹುದು. ಆದರೆ ಉತ್ತರ ಇರಲೇಬೇಕು, ಮತ್ತು ಅದನ್ನು ಆಕೆಗೆ ಅರ್ಥವಾಗುವ ಹಾಗೆ ಹೇಳಬೇಕು.

ಜಾಗ ಉಳಿದರೆ ಎಚ್. ವಿ. ಕಾಮತರನ್ನೂ ಸೇರಿಸಿ. ಮಂಗಳೂರಿನಲ್ಲಿ ಹುಟ್ಟಿದವರು, ಸಂವಿಧಾನ ರಚನಾ ಸಭೆಯ ಸದಸ್ಯರು. ಸಂವಿಧಾನದ ಪೀಠಿಕೆ ದೇವರ ಹೆಸರಿನಿಂದ ಶುರುವಾಗಲಿ ಎಂದು 1949ರ ಅಕ್ಟೋಬರ್ 17ರಂದು ಪಟ್ಟು ಹಿಡಿದರು. ದೇವರನ್ನು ಮತಕ್ಕೆ ಹಾಕುವ ಇಕ್ಕಟ್ಟಿಗೆ ನಮ್ಮನ್ನು ಸಿಕ್ಕಿಸಬೇಡಿ ಎಂದು ಅದೇ ಸಭೆಯ ಪೂರ್ಣಿಮಾ ಬ್ಯಾನರ್ಜಿ ಕೇಳಿಕೊಂಡರು. ಕೊನೆಗೆ ಮತಕ್ಕೆ ಹಾಕಿದರು. ಪರ 41, ವಿರುದ್ಧ 68. ನಮ್ಮ ಮಂತ್ರಿಗಳು ಇವತ್ತಿಗೂ ಪ್ರಮಾಣವಚನದಲ್ಲಿ ದೇವರ ಹೆಸರು ಹೇಳಬಹುದು, ಬಿಡಲೂಬಹುದು.

ಪದಗಳು ಸಾವಿರ ದಾಟುವುದು ಬೇಡ. ಶೀರ್ಷಿಕೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಒಂದೇ ಸಾಕು, ನೀವು ಮೂರು ಹಾಕಿದ್ದೀರಿ. ಯುಗಾದಿ ಸಂಚಿಕೆಯ ಹೊತ್ತಿಗೆ ಕಳಿಸಿದರೆ ಓದಿ ಹೇಳುತ್ತೇನೆ.

— ಸಂಪಾದಕ