ಇಟಲಿಯೊಳಗ ತೀರಿಹೋದ ಸಿಪಾಯಿ: ಎಲ್ಲಿ ಹುಡುಕೋದು, ಹೆಂಗ ನೆನೆಯೋದು?

ಪ್ರಶ್ನೆ: ನಮ್ಮ ಅಜ್ಜಿಯ ಅಣ್ಣ ಬೆಳಗಾವಿಯ ಮರಾಠಾ ರೆಜಿಮೆಂಟಿಗೆ ಸೇರಿ ಎರಡನೇ ಮಹಾಯುದ್ಧಕ್ಕ ಹೋಗಿದ್ದ, 1944ರಾಗ ಇಟಲಿಯೊಳಗ ತೀರಿಕೊಂಡ. ಇಪ್ಪತ್ತರ ಹುಡುಗ, ಮದುವಿನೂ ಆಗಿರ್ಲಿಲ್ಲ. ಅಲ್ಲೇ ಮಣ್ಣು ಮಾಡಿದ್ರು ಅಂತ ಕಾಗದ ಬಂದಿತ್ತಂತ. ಅಜ್ಜಿಗೀಗ ತೊಂಬತ್ತು ದಾಟೇತಿ, ಅಣ್ಣನ್ನ ಎಲ್ಲಿ ಇಟ್ಟಾರ ನೋಡ್ರಪಾ ಅಂತಾಳ. ಹುಡುಕೋದು ಹೆಂಗ? ಅಸ್ಥಿ ಊರಿಗೆ ತರಬಹುದೇನು?
– ಒಬ್ಬ ಓದುಗ, ಪಿಂಪ್ರಿ, ಪುಣೆ

ಉತ್ತರ: ಅಜ್ಜಿ ಇರೋವಾಗಲೇ ಕೇಳೀರಿ, ಭಾಳ ಚಲೋ ಆತು. ಅವನ ಅಪ್ಪನ ಹೆಸರು, ಮನಿತನದ ಹೆಸರು, ಹಳ್ಳಿ ಹೆಸರು ಎಲ್ಲಾ ಇವತ್ತೇ ಆಕಿ ಹತ್ರ ಕೂತು ಬರಕೊಳ್ರಿ, ಟ್ರಂಕಿನಾಗ ಪೆನ್ಷನ್ ಕಾಗದ ಇದ್ರ ಅದರಾಗಿನ ಸಿಪಾಯಿ ನಂಬರ್ ಬಂಗಾರ ಇದ್ಧಂಗ.

ಆಮ್ಯಾಲೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ (ಎರಡೂ ಮಹಾಯುದ್ಧದಾಗ ಸತ್ತ ಸಿಪಾಯಿಗಳ ಗೋರಿ, ಸ್ಮಾರಕ ನೋಡ್ಕೊಳ್ಳೋ ಸಂಸ್ಥೆ) ವೆಬ್‌ಸೈಟಿನಾಗ ಹುಡುಕ್ರಿ, ಫ್ರೀ ಅದ. ಇಟಲಿಯೊಳಗ ಸತ್ತ ನಮ್ಮ 5,782 ಸೈನಿಕರ ನೆನಪು ಆ ದೇಶದಾಗ 40 ಕಡೆ ಉಳಿಸ್ಯಾರ. ತೊಂದ್ರಿ ಏನಂದ್ರ ಹೆಸರನ್ನ ಆಗಿನ ಗುಮಾಸ್ತರು ಕಿವಿಗೆ ಬಿದ್ಧಂಗ ಇಂಗ್ಲಿಷಿನಾಗ ಬರದಾರ, ಬಸಪ್ಪ ಅನ್ನೋದಕ್ಕ ಎಸ್ ಎರಡು ಹಾಕಿರಬಹುದು, ಪಿ ಒಂದೇ ಇರಬಹುದು, ಅಡ್ಡಹೆಸರು ಬಿಟ್ಟೇ ಬಿಟ್ಟಿರಬಹುದು, ಅದಕ್ಕ ಬರೇ ಹೆಸರು ಹಾಕಿ ಸಿಗಲಿಲ್ಲಂತ ಬಿಡಬ್ಯಾಡ್ರಿ, ರೆಜಿಮೆಂಟು, ದೇಶ, ಇಸವಿ ಹಾಕಿ ಒಂದೊಂದೇ ನೋಡ್ಕೋತ ಹೋಗ್ರಿ, ಎಷ್ಟೋ ಮಂದಿಯ ಮುಂದ ಇಂಥವನ ಮಗ, ಇಂಥ ಊರು ಅಂತ ಬರದಿರ್ತದ.

ಕಾಗದದಾಗ ಮಣ್ಣು ಅಂತ ಇದ್ರೂ ಗೋರಿನೇ ಇರ್ತದ ಅಂತ ಹೇಳಾಕ ಬರೂದಿಲ್ಲ. ಹಿಂದೂ ಸಿಪಾಯಿಗಳು ಭಾಳ ಮಂದಿಗೆ ಅಲ್ಲೇ ದಹನ ಆಗೇದ, ಅವರ ಹೆಸರು ಸಾಂಗ್ರೋ ನದಿ ಹತ್ರದ ಮತ್ತ ಫೋರ್ಲಿ ಊರಿನ ದಹನ ಸ್ಮಾರಕಗಳ ಮ್ಯಾಲೆ ಅದಾವ. ಶವ ಸಿಗದೇ ಹೋದವರ ಹೆಸರು ಕಸ್ಸಿನೋ ಸ್ಮಾರಕದ ಮ್ಯಾಲೆ. ಇದೇ ಮರಾಠಾ ರೆಜಿಮೆಂಟಿನ ನಾಯಕ್ ಯಶವಂತ ಘಾಡಗೆ 10 ಜುಲೈ 1944ಕ್ಕ, ಬರೇ 22ನೇ ವಯಸ್ಸಿಗೆ ಸತ್ತು ವಿಕ್ಟೋರಿಯಾ ಕ್ರಾಸ್ (ಆಗಿನ ಬ್ರಿಟಿಷ್ ಸೇನೆಯ ಅತಿ ದೊಡ್ಡ ಶೌರ್ಯ ಪದಕ) ಪಡದ, ಅವನಿಗೂ ಗೋರಿ ಇಲ್ಲ, ಹೆಸರು ಕಸ್ಸಿನೋದಾಗೇ ಅದ. ಮೊಂಟೋನೆ ಅನ್ನೋ ಇಟಲಿ ಊರಿನವರು 2023ರಾಗ ಅವನ ನೆನಪಿಗೆ ಒಂದು ಸೂರ್ಯಗಡಿಯಾರ ಕಟ್ಟಿಸ್ಯಾರ! ನಿಮ್ಮ ಅಜ್ಜಿಯ ಅಣ್ಣಗ ಗೋರಿನೇ ಇದ್ರ ಪ್ಲಾಟು, ಸಾಲು, ನಂಬರ್ ಸಮೇತ ಸಿಗ್ತದ.

ಅಸ್ಥಿ ತರಾಕ ಬರೂದಿಲ್ಲ. ಶ್ರೀಮಂತರ ಮಗ ಮನಿಗೆ, ಬಡವರ ಮಗ ಅಲ್ಲೇ ಅನ್ನೋ ಭೇದ ಆಗಬಾರದು ಅಂತ ಮೊದಲನೇ ಮಹಾಯುದ್ಧದಾಗೇ ಮಾಡಿದ ನಿಯಮ ಅದು. ಮನಸ್ಸಿಗೆ ಕಷ್ಟ ಆಗ್ತದ ಖರೆ, ಆದ್ರ ನನಗ ಅದು ನ್ಯಾಯ ಅನಸ್ತದ. ನೀವು ಪುಣೆದಾಗೇ ಇದ್ದೀರಿ, ಅಜ್ಜಿನ್ನ ಖಡಕಿ ಯುದ್ಧ ಸ್ಮಶಾನಕ್ಕ ಒಮ್ಮೆ ಕರಕೊಂಡು ಹೋಗ್ರಿ. ಎರಡನೇ ಮಹಾಯುದ್ಧದ 1,668 ಸಮಾಧಿ ಅದಾವ, ದೂರದೇಶದ ಹುಡುಗರವೇ ಹೆಚ್ಚು, ಸಾಲಿಗೆ ಸಾಲು ಬಿಳಿಕಲ್ಲು, ಬುಡಕ್ಕ ಹೂವಿನ ಗಿಡ, ನಮ್ಮ ಮಾಲಿಗಳೇ ನೋಡ್ಕೋತಾರ. ಇಟಲಿಯೊಳಗೂ ಹಿಂಗೇ, ಹಿಂದೂಗಳ ಕಲ್ಲಿನ ಮ್ಯಾಲೆ ಓಂ ಭಗವತೇ ನಮಃ ಅಂತ ನಾಗರಿಯಾಗ ಕೆತ್ತಿರ್ತಾರ. ನೋಡಿದ್ರ ಆಕಿಗೆ ಒಂದೀಟು ಸಮಾಧಾನ ಆದೀತು.

ಇನ್ನ ಊರಾಗ ಒಂದು ಕಲ್ಲು ಹಾಕಸ್ರಿ ಅನ್ನೋದು ನನ್ನ ಒತ್ತಾಯ. ಮೊದಲನೇ ಯುದ್ಧದ ಫಲಕ ಎಷ್ಟೋ ಹಳ್ಳ್ಯಾಗ ಅದಾವ, ಈ ಊರಿಂದ ಇಷ್ಟು ಮಂದಿ ಹೋದ್ರು, ಇಷ್ಟು ಮಂದಿ ಸತ್ರು ಅಂತ ಲೆಕ್ಕ ಇರ್ತದ, ಹೆಸರೇ ಇರೂದಿಲ್ಲ. ನೀವು ಹಂಗ ಮಾಡಬ್ಯಾಡ್ರಿ: ಅವನ ಹೆಸರು, ಅಪ್ಪ-ಅವ್ವನ ಹೆಸರು, ರೆಜಿಮೆಂಟು, ನಂಬರು, ಇಟಲಿಯ ಜಾಗ, ಎಲ್ಲಾ ಕನ್ನಡದಾಗ ಬರಸ್ರಿ. ಎಡಿ ಇಡಾಕ ಮಹಾಲಯ ಅಮಾಸಿನೇ ಬರಲಿ ಅಂತ ಕಾಯೋದು ಬ್ಯಾಡ, ಅವನು ತೀರಿದ ತಾರೀಖು ದಾಖಲೆದಾಗ ಸಿಗ್ತದ, ಆ ದಿನಾನೇ ಮಾಡ್ರಿ.