ಟಿಂಬಕ್ಟು ಪಾಠ ಎಲ್ಲಿಂದ ಶುರು ಮಾಡ್ಲಿ?

ಪ್ರಶ್ನೆ: ಏಳನೇ ಕ್ಲಾಸಿಗೆ ಹಿಸ್ಟರಿ ಹೇಳ್ಕೊಡ್ತೀನಿ ಮೇಡಂ. ಮಾಲಿ ದೇಶದ ಟಿಂಬಕ್ಟು ಅಂದ್ರೆ ಮಕ್ಕಳಿಗೆ ಅಲ್ಲಿನ ಹಳೇ ರಾಜ ಮನ್ಸಾ ಮೂಸಾನ ಬಂಗಾರ ಬಿಟ್ರೆ ಬೇರೇನೂ ನೆನಪಲ್ಲಿ ಉಳಿಯಲ್ಲ. ಅಲ್ಲಿನ ಸಂಸ್ಕೃತಿ ಹೇಗೆ ಕಲಿಸ್ಲಿ?

ಉತ್ತರ: ಬಂಗಾರ ಸ್ವಲ್ಪ ಪಕ್ಕಕ್ಕಿಡಿ, ಉಪ್ಪಿಂದ ಶುರು ಮಾಡಿ. ಸಹಾರಾದ ತವುದೆನ್ನಿ ಗಣೀಲಿ ಉಪ್ಪನ್ನ ಚಪ್ಪಡಿ ಥರ ಕತ್ತರಿಸಿ, ಒಂಟೆಯ ಎರಡೂ ಮಗ್ಗುಲಿಗೆ ಕಟ್ಟಿ, ವಾರಗಟ್ಲೆ ನಡೆದು ಟಿಂಬಕ್ಟುಗೆ ತರೋರು, ಅಲ್ಲಿಂದ ನೈಜರ್ ನದಿ ದೋಣಿ ಹತ್ತಿ ಮುಂದಕ್ಕೆ ಹೋಗೋದು, ಒಂಟೆ ದೋಣಿ ಎರಡೂ ಸೇರೋ ಜಾಗ ಆಗಿದ್ರಿಂದ್ಲೇ ಊರು ಬೆಳೀತು. ಇದನ್ನ ಮ್ಯಾಪಲ್ಲಿ ಬೆರಳಿಟ್ಟು ತೋರಿಸಿ.

ಆಮೇಲೆ ಹಸ್ತಪ್ರತಿಗಳು, ನನಗಂತೂ ಪಾಠದ ಜೀವ ಇದೇ. ಸಂಕೋರೆ ಮಸೀದಿ ಸುತ್ತ ವಿದ್ವಾಂಸರು ಕಾನೂನು, ಖಗೋಳ ಎಲ್ಲ ಕಲಿಸ್ತಿದ್ರು. ಎಷ್ಟೋ ಪುಸ್ತಕಕ್ಕೆ ಹೊಲಿಗೆ ಇರ್ತಿರ್ಲಿಲ್ಲ, ಬಿಡಿ ಹಾಳೆಗಳನ್ನ ಚರ್ಮದ ಹೊದಿಕೇಲಿ ಸುತ್ತಿ ಮನೆಮನೇಲಿ ತಲೆಮಾರುಗಟ್ಲೆ ಕಾಪಾಡಿದ್ರು. 2012ರಲ್ಲಿ ಉಗ್ರರು ಊರು ಹಿಡಿದಾಗ ಅಲ್ಲಿನ ಜನ ಅವನ್ನ ಟ್ರಂಕಲ್ಲಿ ತುಂಬಿ ಗುಟ್ಟಾಗಿ ಮಾಲಿಯ ರಾಜಧಾನಿ ಬಮಾಕೊಗೆ ಸಾಗಿಸಿದ್ರು, ಇದನ್ನ ಹೇಳ್ದಾಗ ಕ್ಲಾಸು ತಾನಾಗೇ ಸುಮ್ನಾಗುತ್ತೆ ನೋಡಿ.

ಟೈಮಿದ್ರೆ ಟಿಂಬಕ್ಟುವಿನ ಜಿಂಗರೆಬರ್ ಮಸೀದಿಯ ಫೋಟೋ ತೋರಿಸಿ, ಮಣ್ಣಿನ ಗೋಡೆಯಿಂದ ಮರದ ತುಂಡುಗಳು ಯಾಕೆ ಚಾಚ್ಕೊಂಡಿವೆ ಅಂತ ಕೇಳಿ. ಮಣ್ಣು ಮೆತ್ತೋಕೆ ಜನ ಅದ್ರ ಮೇಲೇ ಹತ್ತಿ ನಿಲ್ತಾರೆ!